ಗೇಣುದ್ದದ ಮೀನು

ಫೆಬ್ರವರಿ 9

ನನ್ನ ಬೆಂಕಿಪೊಟ್ಟಣಕ್ಕೆ,

ಅಳಿಯಂದಿರ ಕಾಗದ ಬಂತು. ಅಚ್ಚುಮನೆಯಲ್ಲಿ ಮೊಳೆ ಜೋಡಿಸುವವರಲ್ಲವೇ, ಒಂದೊಂದು ಅಕ್ಷರವನ್ನೂ ತಮ್ಮ ಜೇಬಿನಿಂದಲೇ ತೆಗೆದುಕೊಟ್ಟವರ ಹಾಗೆ ಬರೆದಿದ್ದಾರೆ. ಆರನೇ ತಿಂಗಳು, ಹಿಂದೆ ಎರಡು ಸಲ ಕೈತಪ್ಪಿದ್ದರಿಂದ ಈ ಸಲ ಹೆರಿಗೆಯವರೆಗೂ ಹಾಸಿಗೆ ಬಿಟ್ಟು ಏಳಕೂಡದು, ಮೆಟ್ಟಿಲು ಇಳಿಯಕೂಡದು, ಮನಸ್ಸಿಗೆ ಪೆಟ್ಟಾಗುವಂಥದ್ದು ಯಾವುದೂ ಕಿವಿಗೆ ಬೀಳಕೂಡದು ಎಂದು ಡಾಕ್ಟರಮ್ಮ ಹೇಳಿದ್ದಾರಂತೆ. ಅಷ್ಟೇ. ಇದನ್ನೇ ನಾನು ಬರೆದಿದ್ದರೆ ಎಂಟು ಪುಟವಾಗುತ್ತಿತ್ತು, ನೀನು ನಡುವೆ ಎರಡು ಸಲ ನಗುತ್ತಲೂ ಇದ್ದೆ.

ಅರೆಗಳಿಗೆ ಒಂದು ಕಡೆ ಕೂರದ ನಿನ್ನನ್ನು ಮಲಗಿಸಿದ್ದಾಳೆ ಎಂದರೆ ಆ ಡಾಕ್ಟರಮ್ಮ ಸಾಮಾನ್ಯದವಳಲ್ಲ. ನಿನಗೆ ಬೇಜಾರಾಗದ ಹಾಗೆ ನೋಡಿಕೊಳ್ಳುವ ಕೆಲಸ ಇಂದಿನಿಂದ ನನ್ನದು. ಓದಿದ್ದು ಹಳ್ಳಿ ಶಾಲೆಯ ನಾಲ್ಕನೇ ಕ್ಲಾಸಾದರೂ, ಮೇಷ್ಟ್ರಿಗೇ ಅನುಮಾನ ಬಂದರೆ ನನ್ನನ್ನು ಕೇಳುತ್ತಿದ್ದರು ಅನ್ನುವುದು ನಿನಗೆ ಗೊತ್ತು. ಗೊತ್ತಿರದಿದ್ದರೆ ಈಗ ಗೊತ್ತಾಯಿತಲ್ಲ.

ಮುಂದಿನ ತಿಂಗಳ ನಡುವಿನ ಭಾನುವಾರ ನಮ್ಮ ಮೀನಿನ ದಿನ. ವರ್ಷಕ್ಕೊಮ್ಮೆ ನಾಲ್ಕು ಅಂಗಡಿಗೂ ಬಾಗಿಲು ಹಾಕಿ ಕೆರೆಗೆ ಹೋಗುವುದು ನಿನಗೇನು ಹೊಸದಲ್ಲ. ಆದರೆ ಹೊಟ್ಟೆಯಲ್ಲಿರುವ ಕೂಸಿಗೆ ನಮ್ಮ ಪರಿಚಯವಿಲ್ಲವಲ್ಲ, ಇಲ್ಲಿಂದ ಮುಂದೆ ಜೋರಾಗಿ ಓದು, ಅದೂ ಕೇಳಿಸಿಕೊಳ್ಳಲಿ.

ಕೂಸೇ, ಒಂದನೆಯವನು ನಾನು. ಮುರಿದ ಸೈಕಲ್ಲು ನನ್ನ ಅಂಗಡಿಯ ಮುಂದೆ ಹಾದುಹೋದರೆ ಸಾಕು, ತಾನೇ ನೆಟ್ಟಗಾಗುತ್ತದೆ. ಎರಡನೆಯವನು ನಿನ್ನ ತಾತ, ಬೀಗ ರಿಪೇರಿಯವನು. ಅವನ ಅಂಗಡಿಗೂ ನನ್ನದಕ್ಕೂ ನಡುವೆ ಒಂದೇ ಗೋಡೆ. ಮೊದಲು ನನ್ನ ಗೆಳೆಯನಾಗಿದ್ದ. ಆಮೇಲೆ ನನ್ನಕ್ಕನನ್ನು ಮದುವೆಯಾಗಿ ಭಾವನಾದ. ಅಕ್ಕ ಹೋದ ಮೇಲೆ ಇಬ್ಬರೂ ಒಂದೇ ಒಲೆಯಲ್ಲಿ ಬೇಯಿಸಿಕೊಂಡು, ಬೈದಾಡಿಕೊಂಡು ಕಾಲ ಹಾಕುತ್ತಿದ್ದೇವೆ. ಮೂರನೆಯವನು ಗಡಿಯಾರ ರಿಪೇರಿಯವನು, ಅವನನ್ನು ನಾವು ಕರೆಯುವುದೂ ಗಡಿಯಾರ ಅಂತಲೇ. ಊರಿನವರ ಗಡಿಯಾರವನ್ನೆಲ್ಲ ಸರಿಮಾಡಿ ತಾನು ಮಾತ್ರ ಎಲ್ಲಿಗೂ ತಡವಾಗಿಯೇ ಬರುತ್ತಾನೆ. ನಾಲ್ಕನೆಯವನು ಬೇಕರಿಯವನು. ದೋಣಿ ಅವನದು. ಅವನು ಕೂತರೆ ಅದರಲ್ಲಿ ಇನ್ನೊಬ್ಬರಿಗೆ ಜಾಗವಿಲ್ಲ.

ಇನ್ನು ಮುಂದಿನದು ನಿನಗೆ, ಬೆಂಕಿಪೊಟ್ಟಣ. ಹೋದ ವರ್ಷ ನಾನು ಹಿಡಿದ ಮೀನು ಮಾರುದ್ದ ಇತ್ತು. ಎರಡು ಕೈ ಚಾಚಿ 'ಇಷ್ಟು' ಅಂತ ತೋರಿಸುತ್ತಿದ್ದೆ. ನಿಮ್ಮಪ್ಪ ಎಂದಿನ ಹಾಗೆ ಎದ್ದು ಬಂದು, ನನ್ನ ಎರಡೂ ಮಣಿಕಟ್ಟು ಹಿಡಿದು, ಬಾಗಿಲ ಕದ ಮುಚ್ಚುವವನಂತೆ ಮೆಲ್ಲಗೆ ಹತ್ತಿರಕ್ಕೆ ತಂದ. "ಅರ್ಧ ಮಾಡು" ಅಂದ. ಈ ಮನುಷ್ಯ ಇಲ್ಲದಿದ್ದರೆ ಇಷ್ಟು ಹೊತ್ತಿಗೆ ನಾನು ತಿಮಿಂಗಿಲ ಹಿಡಿದಿರುತ್ತಿದ್ದೆ.

ಈಗಲೂ ಪಕ್ಕದಲ್ಲೇ ಕೂತು ಇಣುಕುತ್ತಿದ್ದಾನೆ. ನಿಮ್ಮಪ್ಪ ಹೇಳುತ್ತಾನೆ: ಎಲ್ಲವನ್ನೂ ಅರ್ಧ ಮಾಡಿಕೊಂಡು ಓದು.

ಇತಿ, ಹತ್ತೂರಿಗೊಬ್ಬನೇ ಆದ ನಿನ್ನ ಮಾವ


ಫೆಬ್ರವರಿ 9

ಅಳಿಯಂದಿರಿಗೆ,

ಈ ಕಾಗದವನ್ನು ಬೇಕೆಂದೇ ಅಚ್ಚುಮನೆಯ ವಿಳಾಸಕ್ಕೆ ಹಾಕಿದ್ದೇನೆ. ಮನೆಗೆ ಒಯ್ಯಬೇಡಿ. ಅವಳಿಗೆ ಬರೆದದ್ದು ಬೇರೆ, ನಿಮಗೆ ಬರೆಯುತ್ತಿರುವುದು ಬೇರೆ.

ಭಾವನ ಎದೆ ಸರಿಯಿಲ್ಲ. ದೀಪ ಹಚ್ಚುವ ಹೊತ್ತಿಗೆ ಕಾಲು ಊದಿಕೊಂಡಿರುತ್ತದೆ. ಕೀಲಿಗೆ ನಾಲ್ಕು ಸಲ ಅರ ಉಜ್ಜಿದರೆ ಐದನೆಯ ಸಲಕ್ಕೆ ಕೂತು ಉಸಿರು ಹುಡುಕುತ್ತಾನೆ. ಗೋಡೆಯ ಈಚೆ ಕೂತ ನನಗೆ ಅರದ ಸದ್ದು ನಿಂತದ್ದು ಕೇಳುತ್ತದೆ, ಮತ್ತೆ ಶುರುವಾಗುವವರೆಗೆ ನನ್ನ ಕೈಯೂ ನಿಂತಿರುತ್ತದೆ. ಇಲ್ಲಿನ ಡಾಕ್ಟರು ನೋಡಿ, ಹೃದಯ ಬಳಲಿಹೋಗಿದೆ, ಮಾತ್ರೆ ಬರೆದಿದ್ದೇನೆ, ಭಾರ ಎತ್ತುವುದು ಬೇಡ, ಆಯಾಸ ಬೇಡ ಎಂದರು. ಎಷ್ಟು ದಿನ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ನಿಮಗೆ ತಿಳಿಸಿ ಅವಳಿಗೆ ತಿಳಿಸದಿರಬೇಕು ಅನ್ನುವುದು ಭಾವನದೇ ಮಾತು. "ಅವಳ ಮಗು ಕೈಗೆ ಬರೋವರೆಗೂ ನನ್ನ ಸುದ್ದಿ ಏನೇ ಇದ್ರೂ ಅವಳಿಗೆ ಹೋಗ್ಬಾರದು" ಅಂದ. "ಏನೇ ಇದ್ರೂ ಅಂದ್ರೆ?" ಅಂದೆ. "ಏನೇ ಇದ್ರೂ ಅಂದ್ರೆ ಏನೇ ಇದ್ರೂ" ಅಂದ. ನಿಮಗೆ ಗೊತ್ತಲ್ಲ, ಅವನ ಮಾತು ಅವನು ಮಾಡಿದ ಬೀಗದ ಹಾಗೆಯೇ. ಬಿದ್ದರೆ ಬಿತ್ತು.

ನಿಮ್ಮ ಮಾವನ ಭಾಮೈದ


ಫೆಬ್ರವರಿ 21

ಮಾವ,

ನಿನ್ನ ಕಾಗದ ಕೂಸಿಗೆ ಓದಿ ಹೇಳಿದೆ. ತಿಮಿಂಗಿಲ ಬಂದಾಗ ಒದೆಯಿತು. ಸುಳ್ಳು ಕಂಡರೆ ಆಗುವುದಿಲ್ಲವೇನೋ, ತಾತನ ಮೇಲೆ ಹೋಗಿದೆ.

ಇಲ್ಲಿ ನನ್ನ ಪ್ರಪಂಚ ಒಂದು ಕಿಟಕಿಯಷ್ಟು. ಎದುರು ಮಹಡಿಯಲ್ಲಿ ಒಬ್ಬ ದರ್ಜಿ ಇದ್ದಾನೆ. ಹಗಲೆಲ್ಲ ಅವನ ಬೋಳುತಲೆ ಮಿಷನ್ನಿನ ಮೇಲೆ ಬಾಗಿರುತ್ತದೆ. ಒಂದು ದಿನ ತಲೆಯೆತ್ತಿ ನನ್ನನ್ನು ನೋಡಿ ಕತ್ತರಿ ಅಲ್ಲಾಡಿಸಿದ, ನಾನೂ ಬಾಚಣಿಗೆ ಅಲ್ಲಾಡಿಸಿದೆ. ನಮ್ಮಿಬ್ಬರದು ಅಷ್ಟೇ ಸ್ನೇಹ. ಸೂರಿನಲ್ಲಿ ನೀರು ಕೂತು ಆದ ಕಲೆ ಒಂದಿದೆ. ಬೆಳಿಗ್ಗೆ ಕುದುರೆ, ಸಂಜೆ ಚಪ್ಪಲಿ. ಬಚ್ಚಲ ನಲ್ಲಿ ತೊಟ್ಟಿಕ್ಕುತ್ತದೆ. ಇವರು ಕೈತುಂಬ ಮಸಿ ಮಾಡಿಕೊಂಡು ಬಂದು, ಬೆರಳು ತಾಗದ ಹಾಗೆ ಮಣಿಕಟ್ಟಿನಿಂದ ನನ್ನ ಹಣೆ ಮುಟ್ಟಿ ನೋಡುತ್ತಾರೆ. ಜ್ವರ ಇಲ್ಲ ಅಂತ ನನಗೇ ಗೊತ್ತು, ಆದರೂ ಸುಮ್ಮನಿರುತ್ತೇನೆ.

ಹಿಂದಿನ ಎರಡು ಸಲವೂ ಇಷ್ಟು ದೂರ ಬಂದಿರಲಿಲ್ಲ. ಈ ಸಲ ಬಂದಿದೆ. ಇದಕ್ಕಿಂತ ಹೆಚ್ಚು ಬರೆದರೆ ದೃಷ್ಟಿಯಾದೀತು ಅಂತ ಹೆದರಿಕೆ.

ಮೀನಿನ ದಿನದ ಕಾಗದ ಮಾತ್ರ ಉದ್ದ ಇರಲಿ. ಯಾರು ಯಾರನ್ನು ಬೈದರು, ಬೇಕರಿಯವರು ಯಾವಾಗ ನೀರಿಗೆ ಬಿದ್ದರು, ಒಂದನ್ನೂ ಬಿಡಬೇಡ. ಅಪ್ಪನಿಗೆ ಕಂದು ಸ್ವೆಟರ್ ಹಾಕಿಸು, ಕೆರೆಯ ಗಾಳಿ ಬೆಳಗಿನ ಹೊತ್ತು ಒಳ್ಳೆಯದಲ್ಲ. ಅಪ್ಪನ ಮಾತು ಕೊನೆಯಲ್ಲಿ ಒಂದೇ ಸಾಲು ಬರುತ್ತದೆ, ಅದನ್ನು ನಾನು ಮೊದಲು ಓದುತ್ತೇನೆ. ನಿನಗೆ ಬೇಜಾರಾದರೆ ಆಗಲಿ.

ನಿನ್ನ ಬೆಂಕಿಪೊಟ್ಟಣ


ಮಾರ್ಚ್ 5

ಬೆಂಕಿಪೊಟ್ಟಣಕ್ಕೆ,

ಬೇಜಾರಾಗಿದೆ. ಎಂಟು ಪುಟ ಬೆವರು ಸುರಿಸುವವನು ನಾನು, ಓದಿಸಿಕೊಳ್ಳುವವನು ಅವನು. ಇರಲಿ, ಆನೆ ನಡೆದದ್ದೇ ದಾರಿ. ಆನೆ ಯಾರು ಅಂತ ಹೇಳಬೇಕಾಗಿಲ್ಲ.

ತಯಾರಿ ಜೋರಾಗಿದೆ. ನಿನ್ನೆ ನನ್ನ ಅಂಗಡಿಯಲ್ಲಿ ಸಭೆ ಸೇರಿದೆವು. ದೋಣಿಯ ತಳ ಸೋರುತ್ತದೆ ಅಂತ ಬೇಕರಿಯವನು ಹೇಳಿದ.

"ಎಷ್ಟು ಸೋರುತ್ತೆ?" ಅಂದೆ.

"ಒಂದು ಲೋಟ."

"ನೀನು ಕೂತಾಗಲೋ, ಕೂರದೇ ಇದ್ದಾಗಲೋ?"

"ನಿನ್ನ ನಾಲಿಗೆಗೆ ಪಂಕ್ಚರ್ ಆಗ್ಲಿ" ಅಂದ. ನೋಡು, ಹೊಟ್ಟೆಗೆ ಬ್ರೆಡ್ಡು ಕೊಡುವವನ ಬಾಯಲ್ಲಿ ಬರುವ ಮಾತೇ ಇದು! ಟ್ಯೂಬಿನ ರಬ್ಬರ್ ಹಚ್ಚಿ ನಾನೇ ಸರಿಮಾಡಿಕೊಟ್ಟೆ. ಈಗ ಆ ದೋಣಿಯಲ್ಲಿ ಸಮುದ್ರ ದಾಟಬಹುದು.

ಗಡಿಯಾರ ಈ ಸಲ ಎಲ್ಲರಿಗಿಂತ ಮೊದಲು ಬರುತ್ತೇನೆ ಅಂತ ಆಣೆ ಮಾಡಿದ್ದಾನೆ. ಹಾಗಂತ ಹೇಳಲು ಸಭೆ ಮುಗಿದ ಮೇಲೆ ಬಂದ.

ಗಾಳದ ಕೊಕ್ಕೆ ಎಲ್ಲ ನಿಮ್ಮಪ್ಪನದೇ. ಅಂಗಡಿಯ ಕೊಕ್ಕೆ ಅವನಿಗೆ ಹಿಡಿಸುವುದಿಲ್ಲ, ಗೊತ್ತಲ್ಲ. ಕೆಟ್ಟ ಬೀಗಗಳ ಒಳಗಿನ ಉಕ್ಕಿನ ತಂತಿ ತೆಗೆದು, ಕಾಸಿ, ಬಗ್ಗಿಸಿ, ಅರದಲ್ಲಿ ಮೊನೆ ಮಾಡುತ್ತಾನೆ. ಆಮೇಲೆ ಹೆಬ್ಬೆರಳಿನ ಉಗುರಿನ ಮೇಲೆ ಎಳೆದು ನೋಡುತ್ತಾನೆ. ಜಾರಿದರೆ ಮತ್ತೆ ಅರಕ್ಕೆ, ಗೀರು ಬಿದ್ದರೆ ಡಬ್ಬಿಗೆ. ಅವನ ಉಗುರು ಈಗ ಮಕ್ಕಳ ಸ್ಲೇಟಿನ ಹಾಗಿದೆ. ಈ ಸಲ ನಿಧಾನವಾಗಿ ಮಾಡುತ್ತಿದ್ದಾನೆ. ಸೋಮಾರಿ ಅಂತ ಬೈದಿದ್ದೇನೆ.

ಸ್ವೆಟರ್ ತೆಗೆದು ಬಿಸಿಲಿಗೆ ಹಾಕಿದ್ದೇನೆ. ನಿಮ್ಮಪ್ಪ ಹೇಳುತ್ತಾನೆ: ದೋಣಿ ಕೆರೆ ದಾಟಿದರೆ ಸಾಕು. ಅರ್ಧ ಮಾಡಿಕೋ.

ಇತಿ, ಸಮುದ್ರ ದಾಟಿಸುವ ನಿನ್ನ ಮಾವ


ಮಾರ್ಚ್ 11

ಅಳಿಯಂದಿರಿಗೆ,

ಭಾವ ಕೆರೆಗೆ ಬಂದೇ ಬರುತ್ತೇನೆ ಅಂತ ಹಟ ಹಿಡಿದಿದ್ದಾನೆ. ಡಾಕ್ಟರು ಕೂಡದು ಎಂದು ತಲೆಯಾಡಿಸಿದರು. ನಾನು ಬೈದೆ, ಬೇಡಿಕೊಂಡೆ, ಮೀನಿನ ದಿನವನ್ನೇ ಬಿಟ್ಟುಬಿಡೋಣ ಎಂದೂ ಹೇಳಿದೆ.

"ಬಿಟ್ರೆ ಅವಳಿಗೆ ಏನಂತ ಬರೀತೀಯ?" ಅಂದ.

"ನನಗೇನು ಸುಳ್ಳು ಬರೆಯೋಕೆ ಬರಲ್ವಾ?"

"ನಿನ್ನ ಸುಳ್ಳೆಲ್ಲಾ ನಿಜದ ಮೇಲೆ ಕೂತಿರುತ್ತೆ ಕಣೋ. ಬರೀ ಸುಳ್ಳು ನಿನ್ನ ಕೈಲಿ ಆಗಲ್ಲ."

ದಡದಲ್ಲಿ ಕಂಬಳಿ ಹೊದ್ದು ಸುಮ್ಮನೆ ಕೂತಿರುತ್ತೇನೆ, ಗಾಳ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಿದ್ದಾನೆ. ಬೇಕರಿಯವನ ವ್ಯಾನಿನಲ್ಲಿ ಕರೆದೊಯ್ಯುತ್ತೇವೆ. ನಿಮ್ಮ ಮನೆಯಲ್ಲಿ ಎಲ್ಲ ಕ್ಷೇಮ ಎಂದು ಒಂದು ಸಾಲು ಬರೆಯಿರಿ. ಅವನು ಬಾಯಿ ಬಿಟ್ಟು ಕೇಳುವುದಿಲ್ಲ, ಅಂಚೆಯವನು ಬರುವ ಹೊತ್ತಿಗೆ ಅಂಗಡಿಯ ಹೊಸ್ತಿಲಲ್ಲಿ ನಿಂತಿರುತ್ತಾನೆ.

ನಿಮ್ಮ ಮಾವನ ಭಾಮೈದ


ಮಾರ್ಚ್ 17

ಅಳಿಯಂದಿರಿಗೆ,

ಬೇಕರಿಯವನು ಅಚ್ಚುಮನೆಗೆ ಮಾಡಿದ ಫೋನಿನಲ್ಲಿ ನಿಮಗೆ ವಿಷಯ ಗೊತ್ತಾಗಿದೆ. ಭಾನುವಾರ ಕೆರೆಯ ದಡದಲ್ಲೇ ಹೋದ. ನಿನ್ನೆ ಮಣ್ಣು ಮಾಡಿ ಬಂದೆವು. ನೀವು ಹೊರಟು ಬರದೇ ಇದ್ದದ್ದೇ ಸರಿ. ನೀವು ಬಂದಿದ್ದರೆ ಅವಳು ಕೇಳುತ್ತಿದ್ದಳು.

ಈಗ ಏನು ಮಾಡಬೇಕು ಹೇಳಿ. ನನಗೆ ತೋಚುತ್ತಿಲ್ಲ. ಅವನು 'ಏನೇ ಇದ್ರೂ' ಅಂದಿದ್ದ.

ಗೋಡೆಯ ಆಚೆ ಸದ್ದಿಲ್ಲ.


ಮಾರ್ಚ್ 20

ಮಾವನವರಿಗೆ ನಮಸ್ಕಾರ.

ಡಾಕ್ಟರನ್ನು ಕಂಡು ಬಂದೆ. ಈಗ ಬೇಡವೇ ಬೇಡ ಎಂದರು. ಹೆರಿಗೆಯಾಗಿ ಅವಳು ಸುಧಾರಿಸಿಕೊಂಡ ಮೇಲೆ ನಾನೇ ಹೇಳುತ್ತೇನೆ.

ಮೀನಿನ ದಿನದ ಕಾಗದ ಬಂತೇ ಎಂದು ಅವಳು ದಿನವೂ ಕೇಳುತ್ತಿದ್ದಾಳೆ. ಕೆಳಗೆ ಸೈಕಲ್ಲಿನ ಗಂಟೆ ಕೇಳಿದರೆ ತಲೆಯೆತ್ತುತ್ತಾಳೆ. ತಾವು ಬರೆಯಲೇಬೇಕು. ಯಾವಾಗಲೂ ಬರೆಯುವ ಹಾಗೆಯೇ ಬರೆಯಬೇಕು. ಕೇಳಬಾರದ್ದನ್ನು ಕೇಳುತ್ತಿದ್ದೇನೆ, ಕ್ಷಮಿಸಿ. ನಾನೂ ಇಲ್ಲಿ ಮುಖ ತೊಳೆದುಕೊಂಡು ಮನೆಯೊಳಗೆ ಹೋಗುತ್ತಿದ್ದೇನೆ.

ತಮ್ಮ ಅಳಿಯ


ಮಾರ್ಚ್ 24

ಬೆಂಕಿಪೊಟ್ಟಣಕ್ಕೆ,

ಕಾಗದ ತಡವಾಯಿತು, ಅಂಗಡಿಯಲ್ಲಿ ಕೆಲಸ ಹೆಚ್ಚು.

ಮೀನಿನ ದಿನ ಚೆನ್ನಾಗಿ ನಡೆಯಿತು. ಬೆಳಿಗ್ಗೆ ಬೇಗ ಹೊರಟೆವು. ಗಡಿಯಾರ ಹೇಳಿದ ಹಾಗೆ ಎಲ್ಲರಿಗಿಂತ ಮೊದಲೇ ಬಂದು ನಿಂತಿದ್ದ. ಕೆರೆಯಲ್ಲಿ ನೀರು ಕಡಿಮೆ ಇತ್ತು, ಗಾಳಿ ಇರಲಿಲ್ಲ. ಬೇಕರಿಯವನು ಬನ್ನು, ಬಿಸ್ಕತ್ತು ತಂದಿದ್ದ. ಅವನು ಮೊಣಕಾಲವರೆಗೆ ನೀರಿಗೆ ಬಿದ್ದ, ಎಲ್ಲರೂ ನಕ್ಕೆವು. ದೋಣಿ ಸೋರಲಿಲ್ಲ. ನಿಮ್ಮಪ್ಪ ಕಂದು ಸ್ವೆಟರ್ ಹಾಕಿಕೊಂಡಿದ್ದ. ಮರದ ಕೆಳಗೆ ಕೂತಿದ್ದ. ಖುಷಿಯಾಗಿದ್ದ.

ಒಂದು ಮೀನು ಸಿಕ್ಕಿತು. ಗೇಣುದ್ದ ಇತ್ತು. ಮತ್ತೆ ನೀರಿಗೆ ಬಿಟ್ಟೆವು.

ಸಂಜೆಯೊಳಗೆ ವಾಪಸ್ಸು ಬಂದೆವು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಹೆಚ್ಚು ಯೋಚನೆ ಮಾಡಬೇಡ.

ನಿಮ್ಮಪ್ಪ ಹೇಳುತ್ತಾನೆ: ಅರ್ಧ ಮಾಡಿಕೋ.

ಇತಿ, ನಿನ್ನ ಮಾವ


ಏಪ್ರಿಲ್ 1

ಮಾವ,

ಕಾಗದ ತಲುಪಿತು. ಎರಡು ಸಲ ಓದಿದೆ.

ಇಲ್ಲಿ ಎಲ್ಲ ಕ್ಷೇಮ. ಕೂಸು ಒದೆಯುತ್ತಿದೆ. ಇವರಿಗೆ ಹೇಳಿ ಬಚ್ಚಲ ನಲ್ಲಿ ರಿಪೇರಿ ಮಾಡಿಸಿದೆ, ರಾತ್ರಿ ಈಗ ಬಹಳ ನಿಶ್ಶಬ್ದ.

ನೀನು ಸಂಜೆ ಹೊತ್ತು ಒಬ್ಬನೇ ಅಂಗಡಿಯಲ್ಲಿ ಕೂರಬೇಡ. ಬೇಕರಿಯ ಹತ್ತಿರ ಹೋಗಿ ಕೂತುಕೋ. ಒಲೆ ಹಚ್ಚಲು ಬೇಸರವೆಂದು ಬರೀ ಬ್ರೆಡ್ಡು ತಿಂದುಕೊಂಡು ಇರಬೇಡ. ಆ ಕಂದು ಸ್ವೆಟರ್ ಒಗೆಯಬೇಡ, ಹಾಗೇ ಮಡಿಸಿಡು.

ಉದ್ದಕ್ಕೆ ಬರೆಯಲು ಕೈ ನೋಯುತ್ತದೆ.

ನಿನ್ನ ಬೆಂಕಿಪೊಟ್ಟಣ


ಏಪ್ರಿಲ್ 10

ಅಳಿಯಂದಿರಿಗೆ,

ಅವಳ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಮತ್ತೆ ಮತ್ತೆ ತೆಗೆದು ಓದುತ್ತಿದ್ದೇನೆ. ಅಪ್ಪ ಹೇಗಿದ್ದಾನೆ ಅಂತ ಕೇಳಲೇ ಇಲ್ಲ. ನನಗೆ ಊಟ ಮಾಡು ಅಂತ ಬರೆದಿದ್ದಾಳೆ. ನೀವೇನಾದರೂ ಬಾಯಿ ಬಿಟ್ಟಿರಾ?

ನಾನು ಜನ್ಮದಲ್ಲಿ ಆಡಿದ ಸುಳ್ಳುಗಳನ್ನು ಸಾಲಾಗಿ ನಿಲ್ಲಿಸಿದರೆ ಈ ಬೀದಿ ಸಾಲದು. ಅವನ್ನೆಲ್ಲ ಆಡುವಾಗ ಎದೆಯುಬ್ಬುತ್ತಿತ್ತು. ಇದೊಂದನ್ನು ಬರೆದು ಡಬ್ಬಿಗೆ ಹಾಕಲು ಹೋಗಿ ಎರಡು ಸಲ ದಾರಿಯಿಂದಲೇ ವಾಪಸ್ಸು ಬಂದೆ.

ನಿಮ್ಮ ಮಾವನ ಭಾಮೈದ


ಏಪ್ರಿಲ್ 14

ಮಾವನವರಿಗೆ ನಮಸ್ಕಾರ.

ನಾನು ಏನೂ ಹೇಳಿಲ್ಲ. ಅವಳು ಎಂದಿನ ಹಾಗೆಯೇ ಇದ್ದಾಳೆ. ನಗುತ್ತಾಳೆ. ಗೋಡೆಯ ಕಡೆ ತಿರುಗಿ ಮಲಗುವುದು ಈಚೆಗೆ ಹೆಚ್ಚು. ಎಡಮಗ್ಗುಲಿಗೆ ಮಲಗಲು ಡಾಕ್ಟರೇ ಹೇಳಿದ್ದಾರೆ.

ತಮ್ಮ ಅಳಿಯ


ಮೇ 6

ಮಾವನವರಿಗೆ ನಮಸ್ಕಾರ.

ನಿನ್ನೆ ಬೆಳಿಗ್ಗೆ ಹೆರಿಗೆಯಾಯಿತು. ಹೆಣ್ಣು ಮಗು. ಇಬ್ಬರೂ ಕ್ಷೇಮ. ಮಗುವಿನ ಅಳು ಕೆಳಗಿನ ಬೀದಿಗೂ ಕೇಳುತ್ತದೆ, ತಮ್ಮ ಕಡೆಯ ಗಂಟಲು.

ಮುಂದಿನ ವಾರ ಹೇಳುತ್ತೇನೆ. ಹೇಗೆ ಶುರುಮಾಡುವುದೆಂದು ತಿಳಿಯುತ್ತಿಲ್ಲ.

ತಮ್ಮ ಅಳಿಯ


ಮೇ 15

ಮಾವ,

ಇವರು ನಿನ್ನೆ ಕುರ್ಚಿ ಎಳೆದುಕೊಂಡು ಹಾಸಿಗೆಯ ಪಕ್ಕ ಕೂತು, ಮಸಿ ಹೋಗದ ಕೈಯನ್ನು ಉಜ್ಜಿದರು, ಮತ್ತೆ ಉಜ್ಜಿದರು. ಮಗು ಹಾಲು ಕುಡಿದು ಮಲಗಿತ್ತು. "ನಿಂಗೊಂದು ವಿಷ್ಯ ಹೇಳ್ಬೇಕು" ಅಂದರು. "ಅಪ್ಪ ಹೋಗಿದ್ದು ಕೆರೆ ಹತ್ರಾನೋ, ಮನೇಲೋ? ಅದೊಂದು ಹೇಳಿ, ಮಿಕ್ಕಿದ್ದು ನಂಗೊತ್ತು" ಅಂದೆ. ಪಾಪ, ಅವರೇ ಅತ್ತುಬಿಟ್ಟರು. ಕೊನೆಗೆ ನಾನೇ ಸಮಾಧಾನ ಮಾಡಬೇಕಾಯಿತು.

ಹೇಗೆ ಗೊತ್ತಾಯಿತು ಅಂತ ಅವರು ಇನ್ನೂ ಕೇಳುತ್ತಿದ್ದಾರೆ. ಯಾರೂ ಹೇಳಲಿಲ್ಲ. ನೀನೇ ಬರೆದೆಯಲ್ಲ, ಗೇಣುದ್ದದ ಮೀನು ಅಂತ. ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ಮಾವ, ನೀನು ಗೇಣುದ್ದದ ಮೀನು ಹಿಡಿದದ್ದೇ ಇಲ್ಲ. ಸಿಕ್ಕಿದ್ದು ಗೇಣೇ ಇರಬಹುದು, ನಿನ್ನ ಬಾಯಿಗೆ ಬರುವಾಗ ಅದು ಮಾರು. ಆ ಕಾಗದದಲ್ಲಿ ಗಡಿಯಾರ ಹೊತ್ತಿಗೆ ಸರಿಯಾಗಿ ಬಂದರು, ದೋಣಿ ಸೋರಲಿಲ್ಲ, ಮೀನು ಗೇಣುದ್ದ. ಕೊನೆಯಲ್ಲಿ 'ಅರ್ಧ ಮಾಡಿಕೋ'. ಗೇಣನ್ನು ಅರ್ಧ ಮಾಡು ಅಂತ ಅಪ್ಪ ಯಾವತ್ತಾದರೂ ಹೇಳುತ್ತಿದ್ದನೇ? ನೀನು ಹಿಗ್ಗಿಸುತ್ತಿದ್ದದ್ದೇ ಕುಗ್ಗಿಸಲು ಅವನಿದ್ದಾನೆ ಅಂತ. ಕುಗ್ಗಿಸುವವನು ಇಲ್ಲದೆ ನೀನೇ ಕುಗ್ಗಿಸಿಕೊಂಡು ಕೂತಿದ್ದೀಯ ಅಂತ ಆ ಗಳಿಗೆಯಲ್ಲೇ ತಿಳಿಯಿತು.

ಮಧ್ಯಾಹ್ನ. ಎದುರಿನ ದರ್ಜಿ ಮಿಷನ್ನು ತುಳಿಯುತ್ತಿದ್ದ. ಆ ಸದ್ದು ನಿಲ್ಲುವವರೆಗೆ ದಿಂಬಿನ ತುದಿ ಕಚ್ಚಿಕೊಂಡು ಅತ್ತೆ. ಹೊಟ್ಟೆ ಅಲುಗಬಾರದಲ್ಲ, ಹೊಟ್ಟೆ ಅಲುಗದ ಹಾಗೆ ಅಳುವುದನ್ನು ಕಲಿತೆ. ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, ನೀನು ಹೆದರಬೇಡ, ಇದು ನಿನಗಲ್ಲ, ಅಂತ ಹೇಳುತ್ತಿದ್ದೆ. ಸಂಜೆ ಇವರು ಬಂದಾಗ ನಲ್ಲಿ ರಿಪೇರಿ ಮಾಡಿಸಿ ಅಂದೆ. ಇವರಿಗೆ ಹೇಳಿದ್ದರೆ ಇವರ ಧೈರ್ಯ ಹೋಗುತ್ತಿತ್ತು. ನಿನಗೆ ಬರೆದಿದ್ದರೆ ನಿನ್ನದು. ಅಪ್ಪನೇ ಹಾಗೆ ಹೇಳಿ ಹೋಗಿರಬೇಕು ಅಂತಲೂ ಅನ್ನಿಸಿತು. ಬೀಗದವನ ಮಗಳು ನಾನು, ಮುಚ್ಚಿಕೊಂಡು ಇರಲು ಬರುವುದಿಲ್ಲವೇ.

ಆದರೆ ಮಾವ, ನನಗೆ ಕೋಪವಿದೆ. ನೀವು ಮೂವರೂ ಒಳ್ಳೆಯದಕ್ಕೇ ಮಾಡಿದಿರಿ, ಮಗು ನನ್ನ ಪಕ್ಕದಲ್ಲಿ ಮಲಗಿದೆ, ಎಲ್ಲ ಸರಿ. ಆದರೂ ನನ್ನ ಅಪ್ಪನಿಗಾಗಿ ನಾನು ಕಳ್ಳಿಯ ಹಾಗೆ ಅತ್ತೆ. ಒಬ್ಬರ ಹೆಗಲೂ ಇರಲಿಲ್ಲ. ಆ ಕೋಪ ಯಾವತ್ತು ಇಳಿಯುತ್ತದೋ ಗೊತ್ತಿಲ್ಲ, ಇಳಿಯುತ್ತದೆ ಅಂತ ಸುಳ್ಳು ಹೇಳುವುದೂ ಇಲ್ಲ.

ಆ ದಿನ ನನಗೆ ಬೇಕು. ಮೊದಲಿನಿಂದ ಬರೆ. ಏನನ್ನೂ ಮುಚ್ಚಬೇಡ.

ನಿನ್ನ ಬೆಂಕಿಪೊಟ್ಟಣ


ಮೇ 21

ಮಗಳೇ,

ಬೈದದ್ದು ಸರಿಯಾಗಿಯೇ ಇದೆ. ಆ ದಿನ ಕೇಳಿದೆಯಲ್ಲ, ಹೇಳುತ್ತೇನೆ.

ಗಡಿಯಾರ ತಡವಾಗಿಯೇ ಬಂದ. ವ್ಯಾನಿನಲ್ಲಿ ಕಾಯುತ್ತಾ ಕೂತ ನಿಮ್ಮಪ್ಪ, "ಇವ್ನ ಅಂಗಡೀಲಿರೋ ಗಡಿಯಾರಗಳಿಗೆ ಇವ್ನು ಯಾರು ಅಂತಾನೇ ಗೊತ್ತಿಲ್ಲ" ಅಂದ. ಕೆರೆಯ ದಾರಿಯಲ್ಲಿ ಗುಂಡಿ ಬಂದಾಗಲೆಲ್ಲ ನಾನು ಅವನ ಬೆನ್ನಿಗೆ ಕೈ ಕೊಡುತ್ತಿದ್ದೆ. "ನಾನೇನು ಬೇಕರಿ ಮೊಟ್ಟೆನಾ?" ಅಂತ ಕೈ ತಳ್ಳುತ್ತಿದ್ದ.

ಮರದ ಕೆಳಗೆ ಕಂಬಳಿ ಹಾಸಿ ಕೂರಿಸಿದೆವು. ಸ್ವೆಟರಿನ ಗುಂಡಿಯನ್ನು ನಾನೇ ಹಾಕಿದೆ. ದೋಣಿ ಸೋರಿತು, ಮಗಳೇ, ಜರಡಿಯ ಹಾಗೆ ಸೋರಿತು. ಬೇಕರಿಯವನು ಡಬ್ಬಿಯಲ್ಲಿ ನೀರು ಎತ್ತಿಹಾಕುತ್ತಾ ನನ್ನ ವಂಶವನ್ನೆಲ್ಲ ಬೈದ. ನಿಮ್ಮಪ್ಪ ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. ನಗುವಾಗ ಉಸಿರು ಸಿಕ್ಕಿಕೊಳ್ಳುತ್ತಿತ್ತು, ಆದರೂ ನಿಲ್ಲಿಸಲಿಲ್ಲ.

ಹೊತ್ತು ಏರಿದರೂ ನಮಗೆ ಒಂದು ಕಡ್ಡಿಯೂ ಸಿಕ್ಕಿರಲಿಲ್ಲ. ನಾನು ಸ್ಟೌ ಹಚ್ಚಿ ಟೀಗೆ ನೀರಿಡುತ್ತಿದ್ದೆ. ತಿರುಗಿ ನೋಡುತ್ತೇನೆ, ಈ ಮನುಷ್ಯ ಮಾತು ಕೊಟ್ಟದ್ದನ್ನು ಮರೆತು ದಡಕ್ಕೆ ಜರುಗಿ ನನ್ನ ಗಾಳ ಹಿಡಿದುಕೊಂಡು ಕೂತಿದ್ದಾನೆ. ಬೈಯಬೇಕು ಅನ್ನುವಷ್ಟರಲ್ಲಿ ಕೋಲು ಬಾಗಿತು. ಬಾಗಿತು ಅಂದರೆ ತುದಿ ನೀರು ಮುಟ್ಟಿತು.

"ಬಿಡು ಭಾವ, ಇಲ್ಲಿ ಕೊಡು" ಅಂತ ಓಡಿದೆ.

"ದೂರ ನಿಲ್ಲೋ. ಕೊಕ್ಕೆ ನಂದು."

"ಡಾಕ್ಟ್ರು ಹೇಳಿದ್ದು ನೆನಪಿಲ್ವಾ?"

"ಡಾಕ್ಟ್ರು ಮೀನು ಹಿಡೀತಾರಾ? ಸುಮ್ನಿರು."

ಎಳೆಯಲಿಲ್ಲ ಅವನು. ಕೆಟ್ಟ ಬೀಗಕ್ಕೆ ಕೀಲಿ ಹಾಕಿದಾಗ ಹೇಗೆ ಕಿವಿಗೊಟ್ಟು ಕೂರುತ್ತಾನೋ ಹಾಗೆ, ಒಂದಿಷ್ಟು ಬಿಟ್ಟ, ಒಂದಿಷ್ಟು ತಂದ, ಮತ್ತೆ ಬಿಟ್ಟ. ಬೇಕರಿಯವನು ದೋಣಿಯಿಂದ ಹಾರಿ ಮೊಣಕಾಲವರೆಗೆ ಕೆಸರಲ್ಲಿ ನಿಂತ. ಆಮೇಲೆ ಅದು ಮೇಲೆ ಬಂತು. ಮಗಳೇ, ಅದರ ಬೆನ್ನು ಮೊದಲು ಕಂಡಿತು, ಬೆನ್ನು ಮುಗಿಯಿತು ಅಂದುಕೊಂಡರೆ ಇನ್ನೂ ಬೆನ್ನೇ ಬರುತ್ತಿತ್ತು. ದಡದ ಹುಲ್ಲಿನ ಮೇಲೆ ಬೇಕರಿಯವನು ಅದನ್ನು ಅಪ್ಪಿ ತಂದು ಹಾಕಿದಾಗ ನಾನು ಪಕ್ಕದಲ್ಲಿ ಕೈ ಚಾಚಿ ಹಿಡಿದೆ. ಈ ಬೆರಳಿಂದ ಆ ಬೆರಳಿಗೆ. ಮಾರುದ್ದ.

ನಿಮ್ಮಪ್ಪ ಅದರ ಬಾಯಿಂದ ಕೊಕ್ಕೆಯನ್ನು ತಾನೇ ಬಿಡಿಸಿದ. ಉಗುರಿನ ಮೇಲೆ ಎಳೆದು ನೋಡಿದ, ಇನ್ನೂ ಗೀರು ಬಿತ್ತು. "ಬಿಡ್ರೋ, ಹೋಗ್ಲಿ. ಇಷ್ಟು ದೊಡ್ಡದಾಗೋಕೆ ಎಷ್ಟು ಕಷ್ಟಪಟ್ಟಿದ್ಯೋ" ಅಂದ. ಬಿಟ್ಟೆವು. ಅದು ಅವಸರವೇ ಇಲ್ಲದೆ ಹೋಯಿತು. ಮತ್ತೆ ಮರಕ್ಕೆ ಒರಗಿ ಕೂತು, ನನ್ನನ್ನು ಕರೆದ.

"ಅವಳಿಗೆ ಬರಿ" ಅಂದ. "ಇದೊಂದನ್ನ ಇದ್ದ ಹಾಗೇ ಬರಿ."

"ನಂಬ್ತಾಳಾ?"

"ನಾನು ಹೇಳ್ದೆ ಅಂತ ಬರಿ. ಅರ್ಧ ಮಾಡ್ಬೇಡ ಅಂತ ಹೇಳು." ಆಮೇಲೆ, "ಟೀ ಆಯ್ತೇನೋ?" ಅಂದ.

ಟೀ ಸೋಸಲು ಹೋದೆ. ಬೇಕರಿಯವನಿಗೂ ಗಡಿಯಾರನಿಗೂ ಆಗಲೇ ಜಗಳ ಹತ್ತಿತ್ತು, ಮೀನು ಎಷ್ಟುದ್ದ ಅಂತ. ನನಗೆ ತಡೆಯಲಾಗಲಿಲ್ಲ. ಲೋಟ ಕೆಳಗಿಟ್ಟು, ಎದ್ದು ನಿಂತು, ಎರಡು ಕೈ ಚಾಚಿ "ಇಷ್ಟು!" ಅಂದೆ. ಚಾಚಿಕೊಂಡೇ ನಿಂತಿದ್ದೆ. ಅಭ್ಯಾಸ ನೋಡು, ಅವನು ಎದ್ದು ಬಂದು ಮಣಿಕಟ್ಟು ಹಿಡಿಯಲಿ ಅಂತ. ಬರಲಿಲ್ಲ. ಈ ಸಲ ನಿಜವಾಗಿಯೂ ಇಷ್ಟೇ ಇದೆಯಲ್ಲ, ಅದಕ್ಕೇ ಬರಲಿಲ್ಲ ಅಂದುಕೊಂಡೆ. ಕೈ ಚಾಚಿಕೊಂಡೇ ನಗುತ್ತಾ ತಿರುಗಿದೆ. ಮರಕ್ಕೆ ಒರಗಿ ಕೆರೆಯ ಕಡೆಗೇ ನೋಡುತ್ತಿದ್ದ. ನೋಡುತ್ತಿರಲಿಲ್ಲ.

ಅದಕ್ಕೇ ಗೇಣು ಅಂತ ಬರೆದೆ. ಮಾರು ಅಂತ ಬರೆದರೆ ಕೈ ಚಾಚಿದ್ದನ್ನು ಬರೆಯಬೇಕಾಗುತ್ತಿತ್ತು. ಅಲ್ಲಿಂದ ಮುಂದಕ್ಕೆ ನನ್ನ ಪೆನ್ನು ನಿಲ್ಲುತ್ತಿರಲಿಲ್ಲ.

ಊರಲ್ಲಿ ಯಾರೂ ನಂಬುವುದಿಲ್ಲ. ಗಡಿಯಾರ ಹೇಳಿದರೆ ಅವನಿಗೆ ಕಣ್ಣು ಮಂಜು ಅನ್ನುತ್ತಾರೆ. ಬೇಕರಿಯವನು ಹೇಳಿದರೆ, ನನ್ನ ಜೊತೆ ಸೇರಿ ಕೆಟ್ಟ ಅನ್ನುತ್ತಾರೆ. ನಾನಂತೂ ಹೇಳುವುದನ್ನೇ ಬಿಟ್ಟಿದ್ದೇನೆ. ಮೊನ್ನೆ ಅಂಗಡಿಯಲ್ಲಿ ಯಾರೋ ಕೇಳಿದಾಗ ಕೈ ತಾನಾಗಿ ಮೇಲೆದ್ದಿತು. ಎಷ್ಟು ಹೊತ್ತು ಹಾಗೇ ಚಾಚಿಕೊಂಡಿದ್ದೆನೋ, ಬಂದವನು ಸೈಕಲ್ಲು ತೆಗೆದುಕೊಂಡು ಹೋಗಿಬಿಟ್ಟಿದ್ದ. ನಾನೇ ಇಳಿಸಿಕೊಂಡೆ.

ಸ್ವೆಟರ್ ಒಗೆದಿಲ್ಲ. ಆ ಕೊಕ್ಕೆ ನನ್ನ ಹತ್ತಿರವಿದೆ. ಮಗುವನ್ನು ನೋಡಲು ಬಂದಾಗ ಎರಡನ್ನೂ ತರುತ್ತೇನೆ. ನೀನು ಬಾಗಿಲು ತೆರೆಯದಿದ್ದರೆ ಮೆಟ್ಟಿಲ ಮೇಲಿಟ್ಟು ಬರುತ್ತೇನೆ.

ನಿಮ್ಮಪ್ಪ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ: ಅರ್ಧ ಮಾಡಬೇಡ.

ಮಾವ